ಬಾಡಿಗೆ ಗೋಡೆ

ಏಣಿ ಇಗರ್ಜಿಯದು. ಕುರ್ಚಿಗಳು ಶವಸಂಸ್ಕಾರ ಸಂಘದವು.
ಗೋಡೆ ಮಖುಬೆಲೆಯದು,
ಬ್ರೆಡ್ಡು, ಸೀಮೆಎಣ್ಣೆ, ಬಿಡಿ ಸಿಗರೇಟು ಮಾರುವವನು.
ಮೂವತ್ತರವರೆಗೆ ಇಟ್ಟುಕೊಳ್ಳಿ ಎಂದಿದ್ದಾನೆ,
ಒಂದರಿಂದ ಅದು ಮೊಬೈಲು ಕಂಪನಿಯ ಪಾಲು.
"ಹಳದಿ ಹೊಡೆಯುತ್ತಾರಂತೆ. ಬಾಡಿಗೆ ಕೊಡುತ್ತಾರೆ.
ನೀವೇನು ಕೊಡುತ್ತೀರಿ?"
ನಾವು ನಕ್ಕೆವು. ಅವನೂ.

ನಗರಸಭೆಯ ಕಾಗದ ನನ್ನ ಜೇಬಲ್ಲಿತ್ತು, ನಾಲ್ಕಾಗಿ ಮಡಚಿ:
ತಮ್ಮ ಮನವಿ ತಲುಪಿದೆ. ತಮ್ಮ ಉತ್ಸಾಹ ಶ್ಲಾಘನೀಯ.
ಪ್ರಸಕ್ತ ಸಾಲಿನಲ್ಲಿ ಅನುದಾನಕ್ಕೆ ಅವಕಾಶವಿರುವುದಿಲ್ಲ.
ಖೆನ್ಸಾನಿ ಅದನ್ನು ಇಸಕೊಂಡು
ಡಬ್ಬದ ಮುಚ್ಚಳ ಒರೆಸಿದಳು.
ಒಳ್ಳೆ ಕಾಗದ, ಬಣ್ಣ ಹೀರುತ್ತದೆ ಎಂದಳು.

ಸೊವೆಟೊದಲ್ಲಿ ಜೂನ್ ಅಂದರೆ ಚಳಿ.
ಕಲ್ಲಿದ್ದಲ ಹೊಗೆ ತಗಡಿನ ಮಾಡುಗಳ ಮೇಲೆ
ಸೊಂಟ ಹಿಡಿದವರಂತೆ ಮಲಗಿರುತ್ತದೆ, ಏಳುವುದಿಲ್ಲ.
ಬಿಳಿ ಬಣ್ಣ ರಸ್ತೆಗೆ ಗೆರೆ ಎಳೆದು ಉಳಿದದ್ದು.
ಹೇಗೆ ಉಳಿಯಿತೆಂದು ಟೆಬೊಹೊ ಹೇಳಲಿಲ್ಲ, ನಾವು ಕೇಳಲಿಲ್ಲ.
ಕೆಂಪು, ಮುರಿದ ಇಟ್ಟಿಗೆಯನ್ನು ಕುಟ್ಟಿ ಅಂಟಿನಲ್ಲಿ ಕಲಸಿದ್ದು.
ಕಪ್ಪು, ಅಗ್ಗಿಷ್ಟಿಕೆಯ ಮಸಿ.
ನೀಲಿ ಸಾಲಲಿಲ್ಲ. ಹಾಗಾಗಿ ಆಕಾಶ ಅರ್ಧಕ್ಕೇ ನಿಂತಿದೆ.
ನೋಡಿದವರು ಅದಕ್ಕೂ ಒಂದು ಅರ್ಥ ಹೇಳುತ್ತಾರೆ.
ಹೇಳಲಿ.

ನಾನು ಬರೆದದ್ದು ಎಲ್ಲರೂ ಬರೆಯುವುದನ್ನೇ:
ಸಮವಸ್ತ್ರ, ತೆರೆದ ಬಾಯಿ, ಎತ್ತಿದ ಮುಷ್ಟಿ,
ಸಾಲಾಗಿ ಬರುವ ಮಕ್ಕಳು,
ಎಲ್ಲರೂ ಎತ್ತರ, ಎಲ್ಲರೂ ವೀರರು.

ಮೂರನೆಯ ದಿನ ಪುಸೆಲೆಟ್ಸೊ ಅಜ್ಜಿ ಬಂದರು,
ಕಂಕುಳಲ್ಲಿ ಎಲೆಕೋಸು. ಬಹಳ ಹೊತ್ತು ನೋಡಿದರು.
"ಹೀಗಿರಲಿಲ್ಲ."
ಮತ್ತೆ ಹೇಗಿತ್ತು ಎಂದೆ,
ಏಣಿಯ ಮೇಲಿಂದಲೇ, ತುಸು ಬಿರುಸಾಗಿ.

"ಬಲಗೈಯಲ್ಲಿ ನನ್ನ ಶೂ ಇತ್ತು. ಬಾರು ಕಿತ್ತಿತ್ತು.
ಎಡಗೈ ತಂಗಿ ಹಿಡಿದಿದ್ದಳು.
ಯಾವ ಕೈ ಎತ್ತಲಿ?
ನಗುತ್ತಿದ್ದೆವು. ಅದನ್ನು ಯಾರೂ ಬರೆಯುವುದಿಲ್ಲ.
ಪರೀಕ್ಷೆ ತಪ್ಪಿತಲ್ಲ ಅಂತ ನಗುತ್ತಿದ್ದೆವು.
ಲೆಕ್ಕ ನನಗೆ ಬರುತ್ತಿತ್ತು ಮಗ,
ಅವರ ಭಾಷೆಯಲ್ಲಿ ಬರುತ್ತಿರಲಿಲ್ಲ.
ಏಳೆಂಟ್ಲ ಐವತ್ತಾರು. ನನ್ನ ಬಾಯಲ್ಲಿ ಅದು ಸರಿ.
ಆಫ್ರಿಕಾನ್ಸಿನಲ್ಲಿ ಹೇಳು ಅಂದರೆ
ನಾಲಗೆ ಒಣಗಿದ ಬೂಟಿನ ಚರ್ಮ."

ಅಷ್ಟೆ. ಗುಂಡಿನ ಮಾತು ಎತ್ತಲಿಲ್ಲ.
ತಂಗಿಯ ಹೆಸರೇನೆಂದು ಕೇಳಿದೆ.
ಎಲೆಕೋಸನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿ
"ಇದು ಬೇಯಲಿಕ್ಕೆ ಹೊತ್ತು ಬೇಕು" ಎಂದು ಹೊರಟರು.

ಆ ರಾತ್ರಿ ಒಂದು ಮುಷ್ಟಿ ಇಳಿಸಿದೆ.
ಎತ್ತಿ ಬರೆದ ಕೈಯನ್ನು ಇಳಿಸುವುದು ಕಷ್ಟ,
ಭುಜದಿಂದಲೇ ಕೆರೆಯಬೇಕು.
ಇಳಿದ ಬೆರಳುಗಳಿಗೆ ಒಂದು ಶೂ ಕೊಟ್ಟೆ, ಬಾರು ಜೋತಾಡುವಂತೆ.
ಇನ್ನೊಂದು ಕೈಯೊಳಗೆ ಒಂದು ಪುಟ್ಟ ಕೈ.
ಆ ಕೈಯ ಹುಡುಗಿಯನ್ನು ಬರೆಯಲು ಬಣ್ಣವಿತ್ತು,
ಧೈರ್ಯವಿರಲಿಲ್ಲ.
ಮಣಿಕಟ್ಟಿನಿಂದಾಚೆ ಬರಿಯ ಗೋಡೆ ಬಿಟ್ಟೆ.

ಹದಿನಾರರಂದು ಕ್ರೀಡಾಂಗಣದಲ್ಲಿ ಭಾಷಣ.
ಬಸ್ಸು ಉಚಿತ, ಅಂಗಿ ಉಚಿತ, ಪೊಟ್ಟಣದಲ್ಲಿ ಕೋಳಿಕಾಲು.
ನಮ್ಮಲ್ಲಿಗೆ ಬಂದವರು ಇಪ್ಪತ್ತೇಳು ಜನ, ಎರಡು ನಾಯಿ.
ಕತ್ತಲಾಗುವಾಗ ಕರೆಂಟು ಹೋಯಿತು.
ಫೋನುಗಳ ದೀಪ ಹಿಡಿದರು.
ಗೋಡೆಯ ಮೇಲೆ ಬೆಳಕು ತುಂಡುತುಂಡಾಗಿ ಅಲೆಯಿತು:
ಒಂದು ಮೂಗು, ಒಂದು ಅಂಗಿಗುಂಡಿ, ಅರ್ಧ ಆಕಾಶ,
ಶೂ.
ಅಲ್ಲಿ ಒಂದೊಂದಾಗಿ ಎಲ್ಲ ದೀಪವೂ ನಿಂತವು.
ಯಾರೋ ಕಿಸಕ್ಕೆಂದರು. ಅಜ್ಜಿಯೇ.
ಆಮೇಲೆ ಬಹಳ ಹೊತ್ತು ಯಾರ ದೀಪವೂ
ಆ ಪುಟ್ಟ ಕೈಯಾಚೆಗೆ ಹೋಗಲಿಲ್ಲ.

ಒಂದನೇ ತಾರೀಖು ಹಳದಿ ಬಂತು.
ಏಣಿ ಕೇಳಿದವರಿಗೆ ಮಖುಬೆಲೆ
"ಅದು ದೇವರದು" ಎಂದು ಕೊಡಲಿಲ್ಲವಂತೆ;
ಅವರು ತಮ್ಮದೇ ತಂದರು.

ಖೆನ್ಸಾನಿ ಮೊಳೆಯಿಂದ ಮೂಲೆ ಕೆರೆದು ತೋರಿಸಿದಳು:
ಹಳದಿ, ಅದರಡಿ ನಮ್ಮ ಕೆಂಪು,
ಹೋದ ವರ್ಷದ ಸೋಪಿನ ನೀಲಿ, ಅದರಡಿ ನಮ್ಮ ಮಸಿ,
ಮತ್ತೊಂದು ಹಳದಿ, ಮತ್ತೆ ಕೆಂಪು.
ಪದರಕ್ಕೆ ಪದರ ಕೂಡಿ ಉಗುರಿನಷ್ಟು ದಪ್ಪವಾಗಿದೆ.
ಅಷ್ಟರಮಟ್ಟಿಗೆ ಗೋಡೆ
ರಸ್ತೆಯ ಕಡೆಗೆ ಸರಿದು ಬಂದಿದೆ.
ಈ ಒತ್ತುವರಿ ನಗರಸಭೆಗೆ ಇನ್ನೂ ಗೊತ್ತಿಲ್ಲ.